ನೀಲಿ ಗೋಳ ಮತ್ತು ಕೇಸಿಂಗ್ ಬಿಲ್

ಪ್ರಶ್ನೆ: ನಮ್ಮದು ಅರಸೀಕೆರೆ ತಾಲ್ಲೂಕಿನ ಬಾಣಾವರದ ಬಳಿ ನಾಲ್ಕು ಎಕರೆ ತೆಂಗಿನ ತೋಟ. ಈವರೆಗೆ ಮೂರು ಬೋರ್ ಕೊರೆಸಿದ್ದೇವೆ. ಒಂದರಲ್ಲಿ ಒಂದು ಇಂಚು ನೀರಿದೆ, ಉಳಿದೆರಡರಲ್ಲಿ ಬಂದದ್ದು ಬರೀ ಧೂಳು. ತೆಂಗಿನಕಾಯಿ ಹಿಡಿದು ನೀರು ನೋಡುವವರ ಸಹವಾಸ ಸಾಕೆನಿಸಿ ಈ ಸಲ ಖಾಸಗಿಯವರಿಂದ ತ್ರೀಡಿ ಸರ್ವೆ ಮಾಡಿಸಿದೆವು. ತೋಟದ ಉದ್ದಕ್ಕೂ ಸರಳು ನೆಟ್ಟು, ತಂತಿ ಎಳೆದು, ಬ್ಯಾಟರಿಯಿಂದ ಕರೆಂಟ್ ಬಿಟ್ಟು ಒಂದೇ ದಿನದಲ್ಲಿ ಮುಗಿಸಿದರು. ಒಂದು ಪೆನ್‌ಡ್ರೈವ್ ಮತ್ತು ಸಾವಿರ ಅಡಿ ಆಳದವರೆಗಿನ ಬಣ್ಣದ ಚಿತ್ರ ಕೊಟ್ಟಿದ್ದಾರೆ. ಅದರಲ್ಲಿ 720 ಅಡಿಯಲ್ಲಿ ನೀಲಿ ಗೋಳವೊಂದಿದೆ, ಪಾಯಿಂಟ್ ಅಲ್ಲೇ ಗುರುತಿಸಿದ್ದಾರೆ. ಮಗಳು ಹಾಸನದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾಳೆ. ಈ ಚಿತ್ರವನ್ನು ನಾವೇ ತಿರುಗಿಸಿ ನೋಡಿ ಅರ್ಥ ಮಾಡಿಕೊಳ್ಳಲು ಯಾವ ಸಾಫ್ಟ್‌ವೇರ್ ಬೇಕು? ದುಡ್ಡು ಕೊಟ್ಟು ಕೊಳ್ಳಬೇಕೆ? ನೀಲಿ ಗೋಳಕ್ಕೆ ಕೊರೆಸಬಹುದೇ?

ಉತ್ತರ: ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಈಗಲೇ ಕೊರೆಸಬೇಡಿ. ರಿಗ್ ಲಾರಿಯವರಿಗೆ ಮುಂಗಡ ಕೊಟ್ಟಿದ್ದರೂ ಎರಡು ವಾರ ತಡೆಯಿರಿ. ಸಾಫ್ಟ್‌ವೇರ್ ತೆರೆಯುವ ಮುಂಚೆ ಈ ಚಿತ್ರವನ್ನು ಪರೀಕ್ಷಿಸಲು ಒಂದು ಅಳತೆ ಟೇಪು ಸಾಕು.

ನಾಲ್ಕು ಎಕರೆ ಎಂದರೆ ಸುಮಾರು 16,200 ಚದರ ಮೀಟರ್. ತೋಟ ಚೌಕವಾಗಿದೆ ಎಂದಿಟ್ಟುಕೊಂಡರೆ ಒಂದು ಬದಿ 127 ಮೀಟರ್, ಮೂಲೆಯಿಂದ ಮೂಲೆಗೆ ಎಳೆದರೆ 180 ಮೀಟರ್. ನಿಮ್ಮಲ್ಲಿ ಮಾಡಿರುವುದು ವಿದ್ಯುತ್ ರೋಧಕತೆಯ ಸರ್ವೆ, ಅಂದರೆ ನೆಲ ಕರೆಂಟಿಗೆ ಎಷ್ಟು ಅಡ್ಡಿ ಮಾಡುತ್ತದೆ ಎಂದು ಅಳೆಯುವುದು. ಎರಡು ಸರಳುಗಳ ಮೂಲಕ ನೆಲಕ್ಕೆ ಕರೆಂಟ್ ಬಿಟ್ಟು, ಬೇರೆ ಎರಡು ಸರಳುಗಳ ನಡುವೆ ವೋಲ್ಟೇಜ್ ಅಳೆಯುತ್ತಾರೆ. ಸರಳುಗಳನ್ನು ದೂರ ದೂರ ಸರಿಸಿದಷ್ಟೂ ಕರೆಂಟ್ ಆಳಕ್ಕೆ ಇಳಿಯುತ್ತದೆ. ವೆನ್ನರ್, ಶ್ಲುಂಬರ್ಜೆ ಎಂಬ ಸಾಮಾನ್ಯ ಜೋಡಣೆಗಳಲ್ಲಿ ಸಾಲಿನ ಒಟ್ಟು ಉದ್ದದ ಐದರಲ್ಲಿ ಒಂದು ಪಾಲಿನಷ್ಟು ಆಳದ ಸುದ್ದಿ ಸಿಕ್ಕಿದರೆ ಹೆಚ್ಚು. ನಿಮ್ಮ 180 ಮೀಟರಿಗೆ ಅದು 36 ಮೀಟರ್, ಅಂದರೆ 120 ಅಡಿಯ ಆಸುಪಾಸು. ಒಂದು ಸರಳನ್ನು ಬಹಳ ದೂರ ನೆಟ್ಟು ಮಾಡುವ ಪೋಲ್-ಡೈಪೋಲ್ ಎಂಬ ಜೋಡಣೆಯಲ್ಲಿ ಒಂದೂವರೆ ಪಟ್ಟು ಆಳ ಸಿಗಬಹುದು. 720 ಅಡಿ ಎಂದರೆ 220 ಮೀಟರ್. ಅಷ್ಟು ಆಳದ ಸುದ್ದಿ ತರಲು ತಂತಿ ಒಂದು ಕಿಲೋಮೀಟರಿಗಿಂತ ಉದ್ದ ಹೋಗಬೇಕಿತ್ತು. ಪಕ್ಕದವರ ತೋಟ ದಾಟಿ, ರಸ್ತೆ ದಾಟಿ, ಬಹುಶಃ ಕೆರೆ ಏರಿಯನ್ನೂ ಹತ್ತಿ ತಂತಿ ಹೋದದ್ದನ್ನು ನೀವು ನೋಡಿದಿರಾ? ನೋಡಿಲ್ಲವಾದರೆ ಆ ಗೋಳ ಇರುವ ಜಾಗವನ್ನು ಯಾರೂ ಅಳೆದಿಲ್ಲ.

ಅಳೆಯದ ಜಾಗಕ್ಕೆ ಬಣ್ಣ ಬರುವುದು ಹೇಗೆ ಎಂಬುದನ್ನು ತಿಳಿದರೆ ಸಾಫ್ಟ್‌ವೇರಿನ ವಿಷಯ ಅರ್ಧ ತಿಳಿದಂತೆ. ಸರ್ವೆಯಲ್ಲಿ ಸಿಕ್ಕುವುದು ಕೆಲವು ನೂರು ಅಥವಾ ಕೆಲವು ಸಾವಿರ ಅಂಕಿಗಳು, ಅಷ್ಟೇ. ಒಂದೊಂದು ಅಂಕಿಯೂ ನೆಲದ ಒಂದು ದೊಡ್ಡ ಮುದ್ದೆಯ ಒಟ್ಟಾರೆ ಗುಣ, ಒಂದು ಬಿಂದುವಿನದಲ್ಲ. ಇದಕ್ಕೆ ತೋರಿಕೆಯ ರೋಧಕತೆ ಎನ್ನುತ್ತೇವೆ. ಕಂಪ್ಯೂಟರ್ ನೆಲವನ್ನು ಸಾವಿರಾರು ಪೆಟ್ಟಿಗೆಗಳಾಗಿ ಕಲ್ಪಿಸಿಕೊಂಡು, ಪ್ರತಿ ಪೆಟ್ಟಿಗೆಗೆ ಒಂದು ರೋಧಕತೆ ಕೊಟ್ಟು, 'ನೆಲ ಹೀಗಿದ್ದರೆ ಮೇಲೆ ಯಾವ ವೋಲ್ಟೇಜ್ ಬರುತ್ತಿತ್ತು' ಎಂದು ಲೆಕ್ಕ ಹಾಕುತ್ತದೆ. ನಿಜವಾಗಿ ಅಳೆದ ಅಂಕಿಗೆ ತಾಳೆಯಾಗುವವರೆಗೆ ಪೆಟ್ಟಿಗೆಗಳ ಬೆಲೆಯನ್ನು ತಿದ್ದುತ್ತಾ ಹೋಗುತ್ತದೆ. ಇದು ಇನ್ವರ್ಷನ್. ತೊಡಕಿರುವುದು ಇಲ್ಲಿಯೇ: ಪೆಟ್ಟಿಗೆಗಳು ಹೆಚ್ಚು, ಅಂಕಿಗಳು ಕಡಿಮೆ. ಒಂದೇ ಅಳತೆಗೆ ಹೊಂದುವ ನೆಲ ನೂರು ಬಗೆಯವು ಇರಬಹುದು. ಅವುಗಳಲ್ಲಿ ಅತ್ಯಂತ ನಯವಾದದ್ದನ್ನು ಆರಿಸು ಎಂದು ಕಂಪ್ಯೂಟರಿಗೆ ಹೇಳಿಟ್ಟಿರುತ್ತಾರೆ. ಅದಕ್ಕೇ ಚಿತ್ರದಲ್ಲಿ ಎಲ್ಲವೂ ದುಂಡು ದುಂಡಾಗಿ, ಬೆಣ್ಣೆ ಸವರಿದಂತೆ ಕಾಣುತ್ತದೆ. ನಮ್ಮ ನೆಲದೊಳಗೆ ಗೋಳಗಳಿಲ್ಲ. ಕಲ್ಲಿದೆ, ಕಲ್ಲಿನಲ್ಲಿ ಬಿರುಕಿದೆ. ಚಿತ್ರದಲ್ಲಿ ದುಂಡನೆಯ ಗೋಳ ಕಂಡಾಗಲೆಲ್ಲ ನಾನು ಮೊದಲು ಅನುಮಾನಿಸುವುದು ಒಂದು ಕೆಟ್ಟ ಅಳತೆಯನ್ನು. ಒಣ ಮಣ್ಣಿನಲ್ಲಿ ಸರಳು ಸರಿಯಾಗಿ ಕೂರದಿರುವುದು, ಸರಳಿನ ಬುಡಕ್ಕೆ ಉಪ್ಪುನೀರು ಹಾಕಲು ಸೋಮಾರಿತನ ಮಾಡಿರುವುದು, ಟ್ರಾನ್ಸ್‌ಫಾರ್ಮರ್ ಕಂಬದ ಅರ್ತಿಂಗ್ ಹತ್ತಿರ ಇರುವುದು, ಮುಳ್ಳುತಂತಿ ಬೇಲಿಗೆ ಸರಳು ತಾಗಿರುವುದು, ಇಂಥ ಯಾವುದಾದರೂ ಒಂದು ಸಾಕು. ಇನ್ನೊಂದು ತಮಾಷೆಯನ್ನೂ ಕಂಡಿದ್ದೇನೆ: ಹಳೆಯ ಬೋರಿನ ಕಬ್ಬಿಣದ ಕೇಸಿಂಗ್ ಪೈಪು ಕರೆಂಟನ್ನು ಚೆನ್ನಾಗಿ ಹರಿಸುವುದರಿಂದ ಅದರ ಸುತ್ತ ನೀಲಿ ಬಣ್ಣ ಬಂದು, ಬತ್ತಿದ ಬೋರಿನ ಪಕ್ಕದಲ್ಲೇ ಹೊಸ ಪಾಯಿಂಟ್ ಮಾಡಿಕೊಟ್ಟಿದ್ದರು.

ಬೇರೆಯವರ ತಪ್ಪನ್ನೇ ಹೇಳಿದರೆ ನ್ಯಾಯವಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಕಡೂರು ಕಡೆಯ ಒಂದು ತೋಟದಲ್ಲಿ ನಲವತ್ತು ಮೀಟರ್ ಅಂತರದಲ್ಲಿ ಮೂರು ಸಾಲು ಸರ್ವೆ ಮಾಡಿ, ಮೂರನ್ನೂ ಸೇರಿಸಿ ತ್ರೀಡಿ ಚಿತ್ರ ಮಾಡಿದೆ. ಎರಡು ಸಾಲುಗಳ ನಡುವೆ ಒಂದು ನೀಲಿ ನಾಳ, ಕೈಯಲ್ಲಿ ಬರೆದಂತೆ, ಸೊಗಸಾಗಿ ಹರಿದಿತ್ತು. ನಾಳದ ನಟ್ಟನಡುವೆ ಪಾಯಿಂಟ್ ಕೊಟ್ಟೆ. ಅರವತ್ತು ಅಡಿಗೆ ಗಟ್ಟಿ ಕಲ್ಲು ಸಿಕ್ಕಿತು, ಆಮೇಲೆ ಸಂಜೆಯವರೆಗೆ ಬಿಳಿ ಧೂಳು. ರಾತ್ರಿ ಮನೆಗೆ ಬಂದು ಚಿತ್ರದಿಂದ ಬಣ್ಣದ ತುಂಬುವಿಕೆಯನ್ನು ತೆಗೆದು ಅಳತೆಯ ಬಿಂದುಗಳನ್ನು ಮಾತ್ರ ಉಳಿಸಿದೆ. ನಾಳ ಇದ್ದ ಕಡೆ ಒಂದು ಬಿಂದುವೂ ಇರಲಿಲ್ಲ. ಎರಡು ಸಾಲುಗಳಲ್ಲಿ ಬೇರೆ ಬೇರೆ ಕಾರಣಕ್ಕೆ ಇದ್ದ ಎರಡು ಕಡಿಮೆ ಅಂಕಿಗಳನ್ನು ಸಾಫ್ಟ್‌ವೇರ್ ಸೇತುವೆ ಕಟ್ಟಿ ಸೇರಿಸಿತ್ತು. ಆ ಮನೆಯವರು ಅಂದು ಕೊಟ್ಟ ಮಜ್ಜಿಗೆ ನನ್ನ ಗಂಟಲಿನಲ್ಲಿ ಸರಾಗವಾಗಿ ಇಳಿದಿರಲಿಲ್ಲ. ಅಂದಿನಿಂದ ನಾನು ಯಾವ ತ್ರೀಡಿ ಚಿತ್ರವನ್ನೂ ಮೊದಲು ಬಿಂದುಗಳಾಗಿ ನೋಡದೆ ಬಣ್ಣವಾಗಿ ನೋಡಿಲ್ಲ.

ಈಗ ಸಾಫ್ಟ್‌ವೇರಿಗೆ ಬರೋಣ. ನಾವು ಒಂದೇ ಹೆಸರಿನಿಂದ ಕರೆಯುವುದರಲ್ಲಿ ಎರಡು ಬೇರೆ ಕೆಲಸಗಳಿವೆ. ಲೆಕ್ಕ ಹಾಕುವುದು ಒಂದು, ಹಾಕಿದ ಲೆಕ್ಕವನ್ನು ತೋರಿಸುವುದು ಇನ್ನೊಂದು. ಲೆಕ್ಕದ ಕೆಲಸಕ್ಕೆ ಮಲೇಷ್ಯಾದ ಎಂ. ಎಚ್. ಲೋಕೆಯವರು ಬರೆದ ರೆಸ್‌ಟುಡಿಇನ್ವ್, ರೆಸ್‌ತ್ರೀಡಿಇನ್ವ್ ಎಂಬವು ವೃತ್ತಿಯವರಲ್ಲಿ ಹೆಚ್ಚು ಬಳಕೆಯಲ್ಲಿವೆ. ಇವಕ್ಕೆ ಪರವಾನಗಿ ಕೊಳ್ಳಬೇಕು. ಪುಕ್ಕಟೆ ಸಿಗುವವುಗಳಲ್ಲಿ ರೆಸ್‌ಐಪೈ ಎಂಬುದು ಮೌಸಿನಿಂದ ಒತ್ತಿ ನಡೆಸುವಂಥದ್ದು, ಪೈಜಿಮ್ಲಿ ಎಂಬುದು ಪೈಥಾನ್ ಭಾಷೆ ಬಲ್ಲವರಿಗೆ. ನಿಮ್ಮ ಮಗಳಿಗೆ ಪೈಥಾನ್ ಬರುತ್ತಿದ್ದರೂ ರೆಸ್‌ಐಪೈಯಿಂದಲೇ ಶುರು ಮಾಡಲಿ. ತೋರಿಸುವ ಕೆಲಸಕ್ಕೆ ಲೀಪ್‌ಫ್ರಾಗ್, ಓಯಸಿಸ್ ಮಾಂಟಾಜ್ ಮುಂತಾದ ದುಬಾರಿ ಸಾಮಾನುಗಳಿವೆ. ಗಣಿ ಕಂಪನಿಗಳಿಗೆ ಅವು ಬೇಕು, ನಿಮಗೆ ಬೇಡ. ಓಪನ್‌ಡಿಟೆಕ್ಟ್ ಎಂಬುದು ಪುಕ್ಕಟೆಯೇ, ಆದರೆ ಅದು ತೈಲ ಹುಡುಕುವವರ ಕಂಪನ ಸರ್ವೆಗೆ ಹುಟ್ಟಿದ್ದು; ಆ ದಾರಿಗೆ ಹೋಗಬೇಡಿ.

ನಿಮಗೆ ಬೇಕಾದದ್ದು ಪ್ಯಾರಾವ್ಯೂ. ಅಮೆರಿಕದ ರಾಷ್ಟ್ರೀಯ ಪ್ರಯೋಗಾಲಯಗಳು ಕಿಟ್‌ವೇರ್ ಎಂಬ ಸಂಸ್ಥೆಯೊಂದಿಗೆ ಸೇರಿ ಬೆಳೆಸಿದ ಇದು 2002ರಲ್ಲಿ ಮೊದಲ ಬಾರಿಗೆ ಸಾರ್ವಜನಿಕರ ಕೈಗೆ ಬಂತು. ಒಂದು ಪೈಸೆಯೂ ಇಲ್ಲ, ಸಾಧಾರಣ ಲ್ಯಾಪ್‌ಟಾಪಿನಲ್ಲಿ ನಡೆಯುತ್ತದೆ. ರೆಸ್‌ಐಪೈ ಮತ್ತು ಪೈಜಿಮ್ಲಿ ಎರಡೂ ತಮ್ಮ ಫಲಿತಾಂಶವನ್ನು ಪ್ಯಾರಾವ್ಯೂ ಓದುವ ವಿಟಿಕೆ ಕಡತವಾಗಿ ಉಳಿಸುತ್ತವೆ.

ಆದರೆ ಪೆನ್‌ಡ್ರೈವಿನಲ್ಲಿ ಏನಿದೆ ಎಂಬುದು ಮುಖ್ಯ. ಜೆಪೆಗ್ ಅಥವಾ ಪಿಡಿಎಫ್ ಮಾತ್ರ ಇದ್ದರೆ ಯಾವ ಸಾಫ್ಟ್‌ವೇರಿಗೂ ಅದರಿಂದ ಉಪಯೋಗವಿಲ್ಲ. ಅದು ಮದುವೆ ಫೋಟೋ ನೋಡಿ ಜಾತಕ ಬರೆದಂತೆ. ಸರ್ವೆಯವರನ್ನು ಕರೆದು ಮೂರು ಕಡತ ಕೇಳಿ. ಯಂತ್ರದಿಂದ ಇಳಿಸಿದ ಮೂಲ ಅಳತೆ, ಪ್ರತಿ ಸರಳಿನ ಸ್ಥಾನ ಮತ್ತು ನೆಲದ ಎತ್ತರ, ಇನ್ವರ್ಷನ್ ಆದ ಮೇಲಿನ ಅಂಕಿಗಳು. ಮೂರನೆಯದು ಎಕ್ಸ್, ವೈ, ಜೆಡ್, ರೋಧಕತೆ ಎಂಬ ನಾಲ್ಕು ಅಂಕಣಗಳ ಪಠ್ಯ ಕಡತವಾಗಿದ್ದರೂ ಸಾಕು. ದುಡ್ಡು ಕೊಟ್ಟವರು ನೀವು, ಅಳತೆ ನಿಮ್ಮ ನೆಲದ್ದು. 'ಕೊಡಲಾಗುವುದಿಲ್ಲ' ಎಂದರೆ ಅದೇ ಒಂದು ಉತ್ತರ ಎಂದು ತಿಳಿದು ಪಾಯಿಂಟಿನ ಗೂಟ ಕಿತ್ತು ಹಾಕಿ.

ನಾಲ್ಕು ಅಂಕಣಗಳ ಕಡತ ಸಿಕ್ಕಿತು ಎಂದುಕೊಳ್ಳೋಣ. ಪ್ಯಾರಾವ್ಯೂನಲ್ಲಿ ತೆರೆದು 'ಟೇಬಲ್ ಟು ಪಾಯಿಂಟ್ಸ್' ಎಂಬ ಫಿಲ್ಟರ್ ಹಾಕಿದರೆ ಅಂಕಿಗಳು ಗಾಳಿಯಲ್ಲಿ ತೇಲುವ ಚುಕ್ಕೆಗಳಾಗಿ ಕಾಣುತ್ತವೆ. ಬಣ್ಣದ ಅಳತೆಪಟ್ಟಿಯನ್ನು ಲಾಗರಿದಮಿಕ್ ಮಾಡಿ, ಅಂದರೆ ಅಂಕಿ ಹತ್ತು ಪಟ್ಟಾದಾಗಲೆಲ್ಲ ಒಂದೇ ಸಮನಾದ ಮೆಟ್ಟಿಲು ಏರುವಂತೆ. ಇದನ್ನು ಮರೆಯಬಾರದು: ರೋಧಕತೆ 10 ಓಮ್-ಮೀಟರಿನಿಂದ 10,000ದವರೆಗೆ ಜಿಗಿಯುವಂಥದ್ದು, ಸಾಮಾನ್ಯ ಪಟ್ಟಿಯಲ್ಲಿ ಹಾಕಿದರೆ ನೀರಿಗೆ ಸಂಬಂಧಿಸಿದ ವ್ಯತ್ಯಾಸವೆಲ್ಲ ಒಂದೇ ಬಣ್ಣದೊಳಗೆ ಮುಳುಗಿಹೋಗುತ್ತದೆ. ಆಮೇಲೆ ಕಾಮನಬಿಲ್ಲಿನ ಬಣ್ಣಗಳನ್ನು ಬದಲಿಸಿ. ಹಳದಿಯಿಂದ ಹಸಿರಿಗೆ ಬದಲಾಗುವ ಕಡೆ ನಮ್ಮ ಕಣ್ಣು ಇಲ್ಲದ ಗಡಿಯನ್ನು ಕಾಣುತ್ತದೆ. ಒಂದೇ ಬಣ್ಣದ ನಸುಛಾಯೆಯಿಂದ ಗಾಢಕ್ಕೆ ಹೋಗುವ ಪಟ್ಟಿಯನ್ನು ಆರಿಸಿದರೆ ಅರ್ಧದಷ್ಟು ಗೋಳಗಳು ತಾವಾಗಿ ಕರಗುತ್ತವೆ. ನಿಮ್ಮ ನೀಲಿ ಗೋಳದ ಅಂಕಿ 900, ಅದರ ಸುತ್ತಲಿನದು 1,300 ಎಂದು ತಿಳಿದುಬಂದರೆ ಆಶ್ಚರ್ಯಪಡಬೇಡಿ. ಎರಡೂ ಗಟ್ಟಿ ಕಲ್ಲೇ. ನೀಲಿ ಎಂಬುದು ನೀರಿನ ಬಣ್ಣವಲ್ಲ, 'ಈ ಚಿತ್ರದಲ್ಲಿ ಇದು ಕಡಿಮೆ' ಎನ್ನುವುದರ ಬಣ್ಣ.

ಇಷ್ಟಾದ ಮೇಲೆ 'ಥ್ರೆಶೋಲ್ಡ್' ಹಾಕಿ 400 ಓಮ್-ಮೀಟರಿಗಿಂತ ಹೆಚ್ಚಿನದನ್ನೆಲ್ಲ ಮರೆಮಾಡಿ, 'ಸ್ಲೈಸ್' ಹಾಕಿ ಕಲ್ಲಂಗಡಿ ಕೊಯ್ದಂತೆ ಒಂದೊಂದೇ ಹೋಳು ನೋಡಿ. ಮೂಲ ಅಳತೆಯ ಬಿಂದುಗಳನ್ನೂ ಅದೇ ಪರದೆಗೆ ತಂದು ಮೇಲೆ ಹಾಕಿ. ಬಿಂದುಗಳು ಮುಗಿಯುವ ಆಳದಲ್ಲಿ ಒಂದು ಸಮತಲ ಎಳೆದು ಅದರ ಕೆಳಗಿನದನ್ನು ಅಳಿಸಿ. ಪಕ್ಕದಲ್ಲಿ ಇನ್ವರ್ಷನ್ನಿನ ಆರ್‌ಎಂಎಸ್ ದೋಷ, ಅಂದರೆ ಅಳೆದ ಅಂಕಿಗೂ ಲೆಕ್ಕದ ಅಂಕಿಗೂ ಇರುವ ಒಟ್ಟಾರೆ ವ್ಯತ್ಯಾಸ, ಎಷ್ಟು ಶೇಕಡಾ ಎಂದು ಕೇಳಿ ಬರೆದುಕೊಳ್ಳಿ. ಶೇಕಡಾ 5ರ ಸುತ್ತ ಇದ್ದರೆ ಒಳ್ಳೆಯದು, 20 ದಾಟಿದ್ದರೆ ಆ ಚಿತ್ರವನ್ನು ಗೋಡೆಗೆ ಅಂಟಿಸಬಹುದು, ಅಷ್ಟೇ. ಎತ್ತರದ ಅಳತೆಯನ್ನು ಹಿಗ್ಗಿಸಿದ್ದಾರೆಯೇ ಎಂಬುದನ್ನೂ ನೋಡಿ. ಮೂರು ಪಟ್ಟು ಹಿಗ್ಗಿಸಿದ ಚಿತ್ರದಲ್ಲಿ ತುಸು ಓರೆಯಾಗಿ ಮಲಗಿರುವ ಪದರವೂ ಕಡಿದಾದ ಬಿರುಕಿನಂತೆ ಕಾಣುತ್ತದೆ.

ಸಾಲಾಗಿ ಸರಳು ನೆಡದೆ, ಕೈಯಲ್ಲಿ ಹಿಡಿಯುವ ಪೆಟ್ಟಿಗೆಯಿಂದ ಹತ್ತೇ ನಿಮಿಷದಲ್ಲಿ ಮೊಬೈಲಿಗೆ ಬಣ್ಣದ ಚಿತ್ರ ಕಳಿಸುವವರೂ ಈಗ ಹಳ್ಳಿ ಹಳ್ಳಿಗೆ ಬರುತ್ತಾರೆ. ಅವರ ಯಂತ್ರ ನೆಲದ ಸಹಜ ವಿದ್ಯುತ್ ಕ್ಷೇತ್ರವನ್ನು ಬೇರೆ ಬೇರೆ ಆವರ್ತನಗಳಲ್ಲಿ ಓದುತ್ತದೆ. ಚಿತ್ರದ ಲಂಬ ಅಕ್ಷದಲ್ಲಿರುವುದು ನಿಜವಾಗಿ ಆವರ್ತನ. ಅದನ್ನು ಅಡಿಗೆ ಪರಿವರ್ತಿಸಿ ಬರೆದಿರುತ್ತಾರೆ. ಆದರೆ ಒಂದು ಆವರ್ತನ ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದು ಕಲ್ಲಿನ ರೋಧಕತೆಯನ್ನೇ ಅವಲಂಬಿಸಿದೆ. 100 ಹರ್ಟ್ಸಿನ ಅಲೆ 100 ಓಮ್-ಮೀಟರಿನ ನೆಲದಲ್ಲಿ ಸುಮಾರು 500 ಮೀಟರ್ ಇಳಿದರೆ, 1,000 ಓಮ್-ಮೀಟರಿನ ಕಲ್ಲಿನಲ್ಲಿ 1,600 ಮೀಟರ್ ಇಳಿಯುತ್ತದೆ. ಕಲ್ಲು ಯಾವುದೆಂದು ತಿಳಿಯದೆ ಅಡಿ ಹೇಳುವುದು ಹೇಗೆ? ನಿಮ್ಮವರು ಸರಳು ನೆಟ್ಟಿದ್ದಾರಲ್ಲ, ಆ ಮಟ್ಟಿಗೆ ವಾಸಿ.

ಇನ್ನು ಕಲ್ಲಿನ ವಿಷಯ. ನಿಮ್ಮ ಭಾಗದ್ದು ಭೂವಿಜ್ಞಾನಿಗಳು ಅರಸೀಕೆರೆ-ಬಾಣಾವರ ಗ್ರಾನೈಟ್ ಎಂದೇ ಕರೆಯುವ, ಸುಮಾರು 260 ಕೋಟಿ ವರ್ಷ ವಯಸ್ಸಿನ ಕಲ್ಲು; ಸುತ್ತ ಅದಕ್ಕಿಂತ ಹಳೆಯ ನೈಸ್ ಶಿಲೆ. ಇವುಗಳ ಒಳಗೆ ಮರಳಿನಲ್ಲಿರುವಂತೆ ರಂಧ್ರಗಳಿಲ್ಲ. ನೀರು ನಿಲ್ಲುವುದು ಮೇಲಿನ ಕೊಳೆತ ಕಲ್ಲಿನ ಹೊದಿಕೆಯಲ್ಲಿ ಮತ್ತು ಅದರ ಕೆಳಗಿನ ಬಿರುಕುಗಳಲ್ಲಿ. ಸ್ಥೂಲವಾಗಿ ಹೇಳುವುದಾದರೆ ಜೇಡಿ ಮಣ್ಣು 20 ಓಮ್-ಮೀಟರಿಗಿಂತ ಕೆಳಗೆ, ನೀರು ಹಿಡಿದ ಕೊಳೆತ ಕಲ್ಲು 20ರಿಂದ 100, ಬಿರುಕುಬಿಟ್ಟು ನೀರು ತುಂಬಿದ ಕಲ್ಲು 100ರಿಂದ 400, ಇಡಿಯಾದ ಕಲ್ಲು 1,000ಕ್ಕಿಂತ ಮೇಲೆ. ಗಮನಿಸಿ, ಎಲ್ಲಕ್ಕಿಂತ ಗಾಢ ನೀಲಿ ಬರುವುದು ಜೇಡಿಗೆ. ಅದು ನೀರನ್ನು ಹಿಡಿದುಕೊಳ್ಳುತ್ತದೆ, ಪಂಪಿಗೆ ಬಿಟ್ಟುಕೊಡುವುದಿಲ್ಲ. ನಮಗೆ ಬೇಕಾದ ಅಂಕಿ ಮಧ್ಯದ್ದು, ಚಿತ್ರದಲ್ಲಿ ಸಾಮಾನ್ಯವಾಗಿ ಹಸಿರು ಹಳದಿಯಾಗಿ ಯಾರ ಕಣ್ಣಿಗೂ ಬೀಳದೆ ಕುಳಿತಿರುವಂಥದ್ದು. ಇನ್ನೂ ಒಂದು ಕಷ್ಟವಿದೆ. 20 ಓಮ್-ಮೀಟರಿನ ಐದು ಮೀಟರ್ ದಪ್ಪದ ಪದರವೂ 40 ಓಮ್-ಮೀಟರಿನ ಹತ್ತು ಮೀಟರ್ ದಪ್ಪದ ಪದರವೂ ಆಳದಲ್ಲಿದ್ದರೆ ಮೇಲಿನ ಅಳತೆಗೆ ಬಹುತೇಕ ಒಂದೇ. ಯಾವ ಸಾಫ್ಟ್‌ವೇರೂ ಇವೆರಡನ್ನು ಬೇರ್ಪಡಿಸಲಾರದು. ಹಾಗೆಯೇ ಇನ್ನೂರು ಮೀಟರ್ ಕೆಳಗಿನ ಒಂದು ಗೇಣು ಅಗಲದ ಬಿರುಕನ್ನು ಮೇಲಿನಿಂದ ಕಾಣುವ ರೋಧಕತೆಯ ಸರ್ವೆ ಇಲ್ಲ. ಅಷ್ಟು ಆಳದಲ್ಲಿ ನೀರು ಸಿಕ್ಕವರಿಗೆ ಸಿಕ್ಕಿದ್ದು ಅದೃಷ್ಟ, ಅದರ ಕೀರ್ತಿ ಮಾತ್ರ ಪಾಯಿಂಟ್ ಮಾಡಿದವರಿಗೆ.

ಸರ್ವೆಯವರು 'ಮ್ಯಾಗ್ನೆಟಿಕ್ ಕೂಡ ಮಾಡಿಕೊಡುತ್ತೇವೆ' ಎಂದರೆ, ಅಂದರೆ ಕಲ್ಲಿನ ಕಾಂತಗುಣವನ್ನು ಅಳೆಯುವ ಕಾಂತಸರ್ವೆ, ಬೇಡ ಎನ್ನಬೇಡಿ. ಗ್ರಾನೈಟನ್ನು ಸೀಳಿಕೊಂಡು ನಿಂತಿರುವ ಕರಿಕಲ್ಲಿನ ಗೋಡೆಗಳು, ಅಂದರೆ ಡೈಕ್‌ಗಳು, ನೆಲದೊಳಗಿನ ನೀರಿಗೆ ಒಡ್ಡಿನಂತೆ ಅಡ್ಡ ನಿಲ್ಲುವುದುಂಟು. ಗೋಡೆಯ ಮೇಲುಭಾಗದಲ್ಲಿ ನೀರಿರುತ್ತದೆ, ಕೆಳಭಾಗದ ತೋಟ ಒಣಗಿರುತ್ತದೆ. ಇಂಥ ಗೋಡೆಯನ್ನು ಹುಡುಕಲು ಕಾಂತಸರ್ವೆ ಅಗ್ಗದ ದಾರಿ. ಆದರೆ ಮಗಳಿಗೆ ಒಂದು ಮಾತು ಹೇಳಿ. ಸಾಫ್ಟ್‌ವೇರಿನ ಜೊತೆ ಬರುವ ಮಾದರಿ ಚಿತ್ರಗಳು ಹೆಚ್ಚಾಗಿ ಕೆನಡಾದಂತಹ ಉತ್ತರದ ದೇಶಗಳವು. ಅಲ್ಲಿ ಕಾಂತಗುಣದ ಕಲ್ಲಿನ ನೇರ ಮೇಲೆ ಅಂಕಿ ಏರುತ್ತದೆ. ಹಾಸನ ಭೂಕಾಂತದ ಸಮಭಾಜಕಕ್ಕೆ ಹತ್ತಿರ ಇರುವುದರಿಂದ ಇಲ್ಲಿ ಕಲ್ಲಿನ ಮೇಲೆ ಅಂಕಿ ಇಳಿಯುತ್ತದೆ, ಏರಿಕೆ ಪಕ್ಕಕ್ಕೆ ಸರಿದಿರುತ್ತದೆ. ಉತ್ತರ-ದಕ್ಷಿಣವಾಗಿ ನಿಂತ ಗೋಡೆಯಂತೂ ಕಂಡೂ ಕಾಣದಂತಿರುತ್ತದೆ. ಚಿತ್ರವನ್ನು ಧ್ರುವಕ್ಕೆ ಒಯ್ದು ತೋರಿಸುವ ಲೆಕ್ಕವೊಂದಿದೆ. ಅದು ನಮ್ಮ ಅಕ್ಷಾಂಶದಲ್ಲಿ ಹದಗೆಟ್ಟು ಗೆರೆ ಗೆರೆ ಬರುತ್ತದೆ. ಬದಲಿಗೆ ಅನಲಿಟಿಕ್ ಸಿಗ್ನಲ್ ಎಂಬ ಇನ್ನೊಂದು ಲೆಕ್ಕ ಹಾಕಿ ನೋಡಲಿ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿ ಶಿಲಾಪಟ್ಟಿಯಲ್ಲೋ ಬಾಬಾಬುಡನ್ ಬೆಟ್ಟದ ಕಬ್ಬಿಣದ ಕಲ್ಲಿನ ಬುಡದಲ್ಲೋ ನಿಮ್ಮ ತೋಟ ಇದ್ದಿದ್ದರೆ ಈ ಸಲಹೆ ಕೊಡುತ್ತಿರಲಿಲ್ಲ. ಅಲ್ಲಿ ಕಲ್ಲೇ ಕಾಂತವಾಗಿ ಎಲ್ಲ ಅಂಕಿಗಳನ್ನೂ ನುಂಗಿಬಿಡುತ್ತದೆ.

ಹಿನ್ನೆಲೆಗೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಭೂಕೋಶ್ ತಾಣದಿಂದ ನಿಮ್ಮ ಭಾಗದ ಶಿಲಾನಕ್ಷೆಯನ್ನು ಇಳಿಸಿಕೊಂಡು, ಪುಕ್ಕಟೆ ಸಿಗುವ ಕ್ಯುಜಿಐಎಸ್ ಎಂಬ ನಕ್ಷೆಯ ಸಾಫ್ಟ್‌ವೇರಿನಲ್ಲಿ ತೋಟದ ಗಡಿಯನ್ನು ಅದರ ಮೇಲೆ ಎಳೆಯಲಿ. ಡೈಕ್ ಹತ್ತಿರದಲ್ಲಿದ್ದರೆ ಅಲ್ಲೇ ತಿಳಿದೀತು.

ನಿಮ್ಮ ಹತ್ತಿರ ಇರುವ ಅತ್ಯಂತ ಬೆಲೆಬಾಳುವ ಮಾಹಿತಿಯನ್ನು ನೀವು ಸರ್ವೆಯವರಿಗೆ ಹೇಳಿಲ್ಲ ಎಂದು ನನ್ನ ಅನುಮಾನ. ಅದು ಆ ಮೂರು ಬೋರುಗಳು. ತುಮಕೂರು ಜಿಲ್ಲೆಯ ಅಂಕಸಂದ್ರದ ಮೇಲೆ ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯವರು (ಎನ್‌ಜಿಆರ್‌ಐ) ಹೆಲಿಕಾಪ್ಟರಿಗೆ ದೊಡ್ಡ ಬಳೆಯಂಥ ಯಂತ್ರ ತೂಗುಹಾಕಿ ಅಂತರ್ಜಲದ ಸರ್ವೆ ಮಾಡಿದ್ದರು. ಅಷ್ಟು ಖರ್ಚು ಮಾಡಿದವರೂ ನೆಲದ ಮೇಲಿನ ಬೋರುಗಳ ವಿವರವನ್ನು ಪಕ್ಕದಲ್ಲಿಟ್ಟುಕೊಂಡೇ ಚಿತ್ರ ಓದಿದ್ದು. ಕೊರೆದಾಗ ಎಷ್ಟು ಅಡಿಗೆ ಕೆಂಪು ಮಣ್ಣು ಮುಗಿಯಿತು, ಎಷ್ಟಕ್ಕೆ ಕಲ್ಲು ಹತ್ತಿತು, ಎಲ್ಲಿ ಧೂಳು ಒದ್ದೆಯಾಯಿತು ಎಂಬುದನ್ನು ಯಾರೂ ಬರೆದಿಟ್ಟಿರುವುದಿಲ್ಲ. ಆದರೆ ಕೇಸಿಂಗ್ ಪೈಪಿನ ಬಿಲ್ ಮನೆಯಲ್ಲಿ ಎಲ್ಲಾದರೂ ಇದ್ದೇ ಇರುತ್ತದೆ, ಏಕೆಂದರೆ ಅದರಲ್ಲಿ ಅಡಿ ಲೆಕ್ಕದಲ್ಲಿ ದುಡ್ಡು ಕೊಟ್ಟಿದ್ದೀರಿ. ಕೇಸಿಂಗ್ ಇಳಿಸುವುದು ಕುಸಿಯುವ ಮಣ್ಣು ಮುಗಿದು ಗಟ್ಟಿ ಕಲ್ಲು ಸಿಗುವವರೆಗೆ. ಹಾಗಾಗಿ ಆ ಬಿಲ್ಲಿನಲ್ಲಿ ಬರೆದಿರುವ ಅಡಿಯೇ ಹೆಚ್ಚುಕಡಿಮೆ ಆ ಜಾಗದ ಮಣ್ಣು ಮತ್ತು ಕೊಳೆತ ಕಲ್ಲಿನ ದಪ್ಪ.

ಮೂರು ಬಿಲ್ಲುಗಳನ್ನು ಹುಡುಕಿ. ಬೋರುಗಳ ಜಾಗವನ್ನು ಮೊಬೈಲಿನ ಜಿಪಿಎಸ್‌ನಿಂದಲ್ಲ, ತೋಟದ ಮೂಲೆಯಿಂದ ಟೇಪು ಹಿಡಿದು ಅಳೆಯಿರಿ. ಮೊಬೈಲ್ ನಾಲ್ಕೈದು ಮೀಟರ್ ತಪ್ಪುತ್ತದೆ. ಮಗಳು ಪ್ಯಾರಾವ್ಯೂನಲ್ಲಿ ಆ ಮೂರು ಕಡೆ ಮೂರು ಕಂಬ ನಿಲ್ಲಿಸಿ, ಕೇಸಿಂಗಿನ ಆಳದವರೆಗೆ ಒಂದು ಬಣ್ಣ, ಅದರ ಕೆಳಗೆ ಇನ್ನೊಂದು ಬಣ್ಣ ಕೊಡಲಿ. ಸರ್ವೆಯ ಚಿತ್ರದಲ್ಲಿ ರೋಧಕತೆ ಒಮ್ಮೆಲೇ ಏರುವ ಆಳ ಈ ಮೂರು ಕಂಬಗಳಲ್ಲಿ ಕನಿಷ್ಠ ಎರಡಕ್ಕೆ ಹೊಂದಿದರೆ ಮೇಲಿನ 120 ಅಡಿಯ ಮಟ್ಟಿಗೆ ಆ ಚಿತ್ರವನ್ನು ನಂಬಿ, ಹೊದಿಕೆ ಎಲ್ಲಿ ಹೆಚ್ಚು ದಪ್ಪವಾಗಿದೆಯೋ ಆ ಕಡೆ ಹೊಸ ಪಾಯಿಂಟ್ ಯೋಚಿಸಬಹುದು. ಬಿಲ್ಲಿನಲ್ಲಿ 60 ಅಡಿ ಇದ್ದು ಚಿತ್ರದಲ್ಲಿ 150 ಅಡಿವರೆಗೆ ನೀಲಿ ಇದ್ದರೆ ಮೂಲ ಅಳತೆಯನ್ನು ರೆಸ್‌ಐಪೈಗೆ ಹಾಕಿ ಮತ್ತೆ ಲೆಕ್ಕ ಮಾಡಬೇಕು. ಕಡತಗಳೂ ಬಿಲ್ಲುಗಳೂ ಸಿಕ್ಕಿದ ಮೇಲೆ ಇನ್ನೊಮ್ಮೆ ಬರೆಯಿರಿ. ಒಂದು ಇಂಚು ನೀರು ಕೊಡುತ್ತಿರುವ ಬೋರಿನಲ್ಲಿ ಪಂಪು ಎಷ್ಟು ಅಡಿಗೆ ಇಳಿಸಿದ್ದೀರಿ ಎಂಬುದನ್ನೂ ಜೊತೆಗೆ ತಿಳಿಸಿ.